ಅರ್ಧ ಇಗಾರ್ಕಾ

ಕುವೈತಿನ ಅಬು ಹಲೀಫಾದ ನಮ್ಮ ಮನೆಯ ಬಾಲ್ಕನಿ ಬಾಗಿಲಿಗೆ ಒಂದು ದುರಭ್ಯಾಸವಿದೆ. ಸಮುದ್ರದ ಕಡೆಯಿಂದ ಗಾಳಿ ತುಸು ಎದ್ದರೆ ಸಾಕು, ತಾನಾಗಿ ತೆರೆದು, ತಾನಾಗಿ ಬಡಿದುಕೊಂಡು, ಮನೆಯೊಳಗಿರುವವರನ್ನು ಬೈಯತೊಡಗುತ್ತದೆ. ಅದರ ಬಾಯಿ ಮುಚ್ಚಿಸಲು ನಾನೊಂದು ಹಲಗೆಯ ತುಂಡನ್ನು ಅಡ್ಡ ಇಟ್ಟಿದ್ದೇನೆ. ಅಂಗೈಯಗಲ, ಮೊಳದುದ್ದ. ಒಂದು ಕಾಲಕ್ಕೆ ಬೆಳ್ಳಗಿದ್ದುದು ಈಗ ಹಳೆಯ ಬೆಲ್ಲದ ಬಣ್ಣಕ್ಕೆ ತಿರುಗಿದೆ. ಒಂದು ತುದಿಯಲ್ಲಿ ಕೆಂಪು ಬಣ್ಣದ ಅಚ್ಚಿನ ಗುರುತು ಮಾಸಲಾಗಿ ಉಳಿದಿದೆ. ಮೂಗಿನ ಹತ್ತಿರ ಹಿಡಿದರೆ ರಾಳದ ವಾಸನೆ ಇನ್ನೂ ಬರುತ್ತದೆ ಎಂದು ನಾನು ಹೇಳುತ್ತೇನೆ. ಬರುವುದು ಫಿನಾಯಿಲಿನ ವಾಸನೆ ಎಂದು ನನ್ನ ಹೆಂಡತಿ ಸುಲೋಚನಾ ಹೇಳುತ್ತಾಳೆ.

ಈ ವರ್ಷದ ಕೊನೆಗೆ ನನ್ನ ಇಕಾಮಾದ, ಅಂದರೆ ಇಲ್ಲಿ ವಾಸಿಸುವ ಪರವಾನಗಿಯ, ಅವಧಿ ಮುಗಿಯುತ್ತದೆ. ಇನ್ನು ನವೀಕರಿಸುವುದು ಬೇಡ, ಊರಿಗೆ ಹೋಗುವುದೇ ಸರಿ ಎಂದು ಇಬ್ಬರೂ ತೀರ್ಮಾನಿಸಿ ಮನೆಯನ್ನು ಪೆಟ್ಟಿಗೆಗಳಿಗೆ ತುಂಬತೊಡಗಿದ್ದೇವೆ. ಅಂದಿನಿಂದ ನನಗೆ ಕುಳಿತಲ್ಲಿ ಕುಳಿತಿರಲಾಗುವುದಿಲ್ಲ. ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ಓಡಾಟ.

"ನೀವು ಹೀಗೆ ನಡ್ದೇ ಮಂಗಳೂರು ಮುಟ್ಟುವ ಅಂದಾಜು ಕಾಣ್ತದೆ," ಎಂದಳು ಸುಲೋಚನಾ. ಅವಳು ಗಾಜಿನ ತಟ್ಟೆಗಳನ್ನು ಒಂದೊಂದಾಗಿ ಶಾಲುಗಳಲ್ಲಿ ಸುತ್ತುತ್ತಿದ್ದಳು. "ಈ ಹಲಗೆ ಕೂಡಾ ಕೊಂಡು ಹೋಗುದಾ? ನಮ್ಮ ಊರಲ್ಲಿ ಮರ ಇಲ್ವಾ ಮಾರಾಯ್ರೆ?"

"ಅದು ಬರೀ ಮರ ಅಲ್ಲ."

"ಗೊತ್ತುಂಟು, ಗೊತ್ತುಂಟು. ಇಗಾರ್ಕಾ." ಅವಳು ಆ ಹೆಸರನ್ನು ಹೇಳುವ ರೀತಿಯಲ್ಲಿ ಅದು ನನ್ನ ಕಡೆಯ ಯಾರೋ ಕೆಲಸಕ್ಕೆ ಬಾರದ ಸಂಬಂಧಿಕನಂತೆ ಕೇಳಿಸುತ್ತದೆ.

ತಟ್ಟೆಗಳಿಗೆ ಸುತ್ತಿದ ಆ ಶಾಲುಗಳೂ ಈ ಕತೆಗೆ ಸಂಬಂಧಪಟ್ಟವೇ. ಆದರೆ ಎಲ್ಲವನ್ನೂ ಕ್ರಮವಾಗಿ ಹೇಳುವುದು ನನ್ನ ಸ್ವಭಾವ. ಜಗತ್ತು ಅದಕ್ಕೆ ಅವಕಾಶ ಕೊಟ್ಟಿಲ್ಲವೆಂಬುದು ಬೇರೆ ಮಾತು.

ನಾನು ಬೆಳೆದದ್ದು ಮಂಗಳೂರಿನಲ್ಲಿ, ಹೊಳೆಯ ದಡದ ಒಂದು ಹೆಂಚಿನ ಕಾರ್ಖಾನೆಯ ಮಗ್ಗುಲಲ್ಲಿ. ತಂದೆ ಅಲ್ಲಿ ಗುಮಾಸ್ತರು. ಪ್ರತಿ ಜೂನಿನಲ್ಲಿ ಶಾಲೆ ತೆರೆಯುವ ಮುನ್ನ ನಮ್ಮ ಮನೆಯಲ್ಲಿ ಪುಸ್ತಕಗಳಿಗೆ ಬೈಂಡು ಹಾಕುವ ಕಾರ್ಯಕ್ರಮ ನಡೆಯುತ್ತಿತ್ತು. ಕಾರ್ಖಾನೆಯ ವಾಚನಾಲಯಕ್ಕೆ ಸೋವಿಯತ್ ದೇಶದಿಂದ ಕನ್ನಡದಲ್ಲಿಯೇ ಒಂದು ಸಚಿತ್ರ ಪತ್ರಿಕೆ ಬರುತ್ತಿತ್ತು. ಅಷ್ಟು ನುಣುಪಾದ, ಅಷ್ಟು ಗಟ್ಟಿಯಾದ ಕಾಗದ ನಮ್ಮ ಊರಿನಲ್ಲಿ ಬೇರೆಲ್ಲೂ ಇರಲಿಲ್ಲ. ಅದನ್ನು ಓದಿದವರು ಎಷ್ಟು ಮಂದಿಯೋ ಕಾಣೆ, ಆದರೆ ಅದರಿಂದ ಪುಸ್ತಕಕ್ಕೆ ಬೈಂಡು ಹಾಕದ ಮನೆ ಇರಲಿಲ್ಲ. ತಂದೆ ಹಳೆಯ ಸಂಚಿಕೆಗಳನ್ನು ಕೇಳಿ ತಂದು, ನೆಲದ ಮೇಲೆ ಹಾಸಿ, ಅಡಿಕೋಲು ಇಟ್ಟು, ಗಡ್ಡ ಹೆರೆಯುವ ಬ್ಲೇಡಿನಿಂದ ಕತ್ತರಿಸುತ್ತಿದ್ದರು. ಗೆರೆ ನೇರವಾಗಿರಬೇಕು ಎಂಬುದೊಂದೇ ಅವರ ಕಾಳಜಿ. ಆ ಗೆರೆ ಯಾರ ಮುಖದ ಮೇಲೆ ಹೋಯಿತು, ಯಾವ ವಾಕ್ಯದ ನಡುವೆ ಹೋಯಿತು ಎಂಬುದು ಅವರಿಗೆ ಸಂಬಂಧಿಸಿದ್ದಲ್ಲ.

ಒಂದು ವರ್ಷ ನನ್ನ ಲೆಕ್ಕದ ಪುಸ್ತಕಕ್ಕೆ ಬಂದದ್ದು ಒಂದು ದೊಡ್ಡ ಚಿತ್ರದ ಎಡಭಾಗ. ಅಗಲವಾದ ನದಿ. ನದಿಯ ತುಂಬ ತೇಲುವ ಮರದ ದಿಮ್ಮಿಗಳು. ದಡದಲ್ಲಿ ಹಲಗೆ ಹಾಸಿದ ಒಂದು ಬೀದಿ, ಅದರ ಮೇಲೆ ಕಿವಿ ಮುಚ್ಚುವ ಟೋಪಿ ಹಾಕಿದ ಒಬ್ಬಳು ಹುಡುಗಿ. ಅಡಿಯಲ್ಲಿ ಬರೆದಿತ್ತು: ಇದು ರಷ್ಯಾದ ಉತ್ತರದಲ್ಲಿರುವ ಇಗಾರ್ಕಾ ಎಂಬ ಊರು. ಇಲ್ಲಿನ ಮನೆಗಳು, ಬೀದಿಗಳು ಎಲ್ಲವೂ ಮರದವು. ಆದರೆ ಈ ಊರಿನ ನೆಲದಡಿಯಲ್ಲಿ... ಅಲ್ಲಿಗೆ ತಂದೆಯವರ ಬ್ಲೇಡು.

ಉಳಿದರ್ಧ ಹೋದದ್ದು ಅಕ್ಕನ ಭೂಗೋಳದ ಪುಸ್ತಕಕ್ಕೆ. ಅಕ್ಕ ಅದನ್ನು ಚಿತ್ರ ಒಳಗೆ ಬರುವಂತೆ ಮಡಿಸಿದ್ದಳು. ನಾನು ಬೇಡಿದೆ, ಅತ್ತು ಕರೆದೆ, ಅವಳ ಪಾಲಿನ ನೀರು ಸೇದಿ ಕೊಟ್ಟೆ. "ಬೈಂಡು ಬಿಚ್ಚಿದ್ರೆ ಪುಸ್ತಕ ಹಾಳಾಗ್ತದೆ, ಬರುವ ವರ್ಷ ಅರ್ಧ ಕ್ರಯ ಸಿಗುದಿಲ್ಲ," ಎಂದಳು. ಮುಂದಿನ ಬೇಸಗೆಯಲ್ಲಿ ಆ ಪುಸ್ತಕ ಬೈಂಡಿನ ಸಮೇತ ಪಕ್ಕದ ಬೀದಿಯ ಹುಡುಗಿಗೆ ಮಾರಾಟವಾಗಿಯೂ ಹೋಯಿತು. ಅಕ್ಕ ಈಗ ಮೊಮ್ಮಕ್ಕಳೊಂದಿಗೆ ಸುಖವಾಗಿದ್ದಾಳೆ. ನಾನು ಅವಳನ್ನು ಪ್ರೀತಿಸುತ್ತೇನೆ. ಆದರೆ ಅದನ್ನು ಮರೆತಿಲ್ಲ.

ನೆಲದಡಿಯಲ್ಲಿ ಏನು? ನೀವೇ ಯೋಚಿಸಿ, ಒಂಬತ್ತು ಹತ್ತು ವರ್ಷದ ಹುಡುಗನ ಕೈಗೆ ಇಂತಹ ವಾಕ್ಯವನ್ನು ಕೊಟ್ಟು, ಅದರ ಕೆಳಗೆ ಭಾಗಾಕಾರ ಮಾಡು ಎಂದರೆ ಹೇಗೆ? ನಿಧಿಯೇ, ನಾಗನೇ, ಇನ್ನೊಂದು ಊರೇ? ತಡೆಯಲಾರದೆ ಒಂದು ದಿನ ತರಗತಿಯಲ್ಲಿ ಎದ್ದು ನಿಂತು ಮೇಷ್ಟ್ರನ್ನು ಕೇಳಿದೆ. ಅವರು ಕನ್ನಡಕದ ಮೇಲಿನಿಂದ ನೋಡಿ, "ನೆಲದಡಿಯಲ್ಲಿ ಎರೆಹುಳ ಇರ್ತದೆ. ಕೂತ್ಕೋ," ಎಂದರು. ಇಡೀ ತರಗತಿ ನಕ್ಕಿತು. ಮೊದಲು ನಕ್ಕವನು ಮೂರನೆಯ ಬೆಂಚಿನ ಬೆನೆಡಿಕ್ಟ. ಅವನೀಗ ಕೆನಡಾದಲ್ಲಿದ್ದಾನೆ, ಪ್ರತಿ ಕ್ರಿಸ್ಮಸ್ಸಿಗೆ ಶುಭಾಶಯ ಕಳುಹಿಸುತ್ತಾನೆ, ಬಹುಶಃ ನಾನು ಮರೆತಿದ್ದೇನೆಂಬ ಧೈರ್ಯದಿಂದ. ಶಾಲೆ ಬಿಡುವವರೆಗೂ ನನ್ನ ಹೆಸರು ಭುಜಂಗ ಎಂದಿರಲಿಲ್ಲ, ಎರೆಹುಳ ಎಂದಿತ್ತು. ಭುಜಂಗನೆಂದರೆ ಹಾವು. ಒಂದು ಪ್ರಶ್ನೆ ಕೇಳಿದ್ದಕ್ಕೆ ಹಾವನ್ನು ಎರೆಹುಳವಾಗಿಸಿದರು.

ಆ ಚಡಪಡಿಕೆ ವಯಸ್ಸಿನೊಂದಿಗೆ ಹೋಗಬೇಕಿತ್ತು. ಹೋಗಲಿಲ್ಲ. ಕುವೈತಿಗೆ ಬಂದು ಅರ್ದಿಯಾದ ಒಂದು ಮರದ ಗೋದಾಮಿನಲ್ಲಿ ಸ್ಟೋರ್‌ಕೀಪರನಾದೆ. ಇಲ್ಲಿ ಏಳುವ ಕಟ್ಟಡಗಳ ಸೆಂಟ್ರಿಂಗಿಗೆ ಬೇಕಾದ ಬಿಳಿಯ ಹಲಗೆಗಳಲ್ಲಿ ಬಹುಪಾಲು ರಷ್ಯಾದ ಕಡೆಯಿಂದ ಬರುತ್ತಿದ್ದವು. ಕಟ್ಟು ಬಿಚ್ಚಿದರೆ ಮರಳುಗಾಡಿನ ನಡುವೆ ಒಮ್ಮೆಲೇ ತಣ್ಣನೆಯ ಕಾಡಿನ ವಾಸನೆ. ಹಲಗೆಗಳ ತುದಿಯಲ್ಲಿ ಹಡಗೇರಿದ ಬಂದರಿನ ಗುರುತನ್ನು ಕೆಂಪು ಬಣ್ಣದಲ್ಲಿ ಒತ್ತಿರುತ್ತಿದ್ದರು. ಅವುಗಳನ್ನು ಓದಿ ವಿಂಗಡಿಸುವುದು ನನ್ನ ಕೆಲಸ. ಒಂದು ಬೆಳಿಗ್ಗೆ ಓದಿದೆ: ಇಗಾರ್ಕಾ.

ಆ ಹಲಗೆಗಳ ರಾಶಿಯ ಮೇಲೆಯೇ ಕುಳಿತುಬಿಟ್ಟೆ. ನಮ್ಮ ಫೋರ್‌ಮನ್ ಅಬು ಸಾಮಿ, ಈಜಿಪ್ಟಿನವನು, ನನಗೆ ಬಿಸಿಲು ಹೊಡೆದಿದೆಯೆಂದು ನೀರು ತಂದ. ನಾನು ಗುರುತನ್ನು ತೋರಿಸಿದೆ, ಲೆಕ್ಕದ ಪುಸ್ತಕ, ಬ್ಲೇಡು, ಅಕ್ಕ, ಎಲ್ಲವನ್ನೂ ನನ್ನ ಹರಕು ಅರಬ್ಬಿಯಲ್ಲಿ ವಿವರಿಸಿದೆ. ಅವನು ಹಲಗೆಯನ್ನು ತಟ್ಟಿ ನೋಡಿ, "ಖಶಬ್, ಭುಜಂಗ್! ಖಶಬ್! ಖಲಾಸ್!" ಎಂದ. ಮರ ಕಣಯ್ಯಾ, ಬರೀ ಮರ, ಮುಗಿಯಿತು. ಆದರೂ ಸಂಜೆಗೆ ಅವನೇ ಗರಗಸ ಹಿಡಿದು ಗುರುತಿದ್ದ ತುದಿಯನ್ನು ಕೊಯ್ದು ಕೊಟ್ಟ. ಮರೆಯದವರ ಪಟ್ಟಿಯಲ್ಲಿ ಉಪಕಾರಗಳೂ ಸೇರುತ್ತವೆ, ಆದರೆ ಅವು ಹೆಚ್ಚು ಜಾಗ ಹಿಡಿಯುವುದಿಲ್ಲ.

ಅನಂತರ ಹಳೆಯ ಪುಸ್ತಕದಂಗಡಿಗಳಲ್ಲಿ, ಗ್ರಂಥಾಲಯಗಳಲ್ಲಿ, ಮುಂದೆ ಕಂಪ್ಯೂಟರಿನಲ್ಲಿ ಹುಡುಕಿ ಹುಡುಕಿ ಊರಿನ ಉಳಿದರ್ಧವನ್ನು ಜೋಡಿಸಿಕೊಂಡೆ. ಜೋಡಿಸಿಕೊಂಡ ಮೇಲೆ ಇನ್ನೊಂದು ಚಡಪಡಿಕೆ ಶುರುವಾಯಿತು. ಇದನ್ನು ಯಾರಿಗಾದರೂ ಮೊದಲಿನಿಂದ ಕೊನೆಯವರೆಗೆ, ನಡುವೆ ಕತ್ತರಿಸದೆ ಹೇಳಬೇಕು.

ಇಲ್ಲಿನ ನಮ್ಮ ಕನ್ನಡ ಸಂಘದ ವಿಷಯ ಈಗ ಬರುತ್ತದೆ. ಒಮ್ಮೆ ವನಭೋಜನಕ್ಕೆ ಹೋದಾಗ ನದಿಯ ವರ್ಣನೆಯವರೆಗೆ ಬಂದಿದ್ದೆ, ಅಷ್ಟರಲ್ಲಿ ನಿಂಬೆ ಚಮಚದ ಓಟಕ್ಕೆ ಸೀಟಿ ಊದಿದರು. ಇನ್ನೊಮ್ಮೆ ವೇದಿಕೆಯ ಮೇಲೇ ಕರೆದರು. ಮಾತಿಗೆಂದು ಹೋದರೆ ಹೆಗಲಿಗೆ ಶಾಲು, ತಲೆಗೆ ಪೇಟ, ಕೈಗೆ ಹಣ್ಣಿನ ಬುಟ್ಟಿ, ಒಂದು ಫೋಟೋ, ಧನ್ಯವಾದ. ಅಂದು ನನಗೆ ತಿಳಿಯಿತು, ನಮ್ಮಲ್ಲಿ ಹಿರಿಯರ ಬಾಯಿ ಮುಚ್ಚಿಸಲು ಸನ್ಮಾನದಷ್ಟು ಸಭ್ಯವಾದ ಉಪಾಯ ಬೇರೊಂದಿಲ್ಲ. ಬೈದರೆ ತಿರುಗಿ ಬೈಯಬಹುದು. ಶಾಲು ಹೊದೆಸಿದರೆ ಕೈಮುಗಿಯಲೇಬೇಕು. ಬೇಸಗೆಯಲ್ಲಿ ರಸ್ತೆಯ ಡಾಮರು ಕರಗುವ ಈ ದೇಶದಲ್ಲಿ ನನ್ನ ಬಳಿ ಎಷ್ಟು ಉಣ್ಣೆಯ ಶಾಲುಗಳಿವೆಯೆಂದರೆ, ಇಗಾರ್ಕಾದಲ್ಲಿ ಅಷ್ಟು ಇದ್ದಿದ್ದರೆ ಅಲ್ಲಿನವರು ಬದುಕಿಕೊಳ್ಳುತ್ತಿದ್ದರು.

ಈ ಉಪಾಯದ ಕರ್ತೃ ಸಂಘದ ಕಾರ್ಯದರ್ಶಿ ದಯಾನಂದ. ಸುರತ್ಕಲ್ಲಿನವನು, ಇಲ್ಲಿ ಬಾಡಿಗೆ ಕಾರಿನ ಕಂಪನಿಯೊಂದರಲ್ಲಿದ್ದಾನೆ. ನಾನು ಊರಿಗೆ ಹೋಗುವ ಸುದ್ದಿ ತಿಳಿದು ರಾಜ್ಯೋತ್ಸವಕ್ಕೆ ಮುಂಚೆ ಫೋನು ಮಾಡಿದ.

"ಭುಜಂಗಣ್ಣ, ಈ ಸಲ ನಿಮ್ಮನ್ನು ಬಿಡುದಿಲ್ಲ. ಸ್ಟೇಜಿಗೆ ಬರ್ಲೇಬೇಕು."

"ಮಾತಾಡ್ಲಿಕ್ಕೆ ಬಿಡ್ತೀರಾ?"

"ಎಂತ ಅಣ್ಣ ಹೀಗೆ ಕೇಳ್ತೀರಿ! ಎಷ್ಟು ಟೈಮ್ ಬೇಕು?"

"ಅರ್ಧ ಗಂಟೆ."

"ಟಾಪಿಕ್ ಎಂತದು?"

"ರಷ್ಯಾದ ಉತ್ತರದ ಒಂದು ಊರಿನ ಇತಿಹಾಸ."

"ರಾಜ್ಯೋತ್ಸವಕ್ಕೆ ರಷ್ಯಾವಾ ಅಣ್ಣ?"

"ಹೋದ ಸಲ ಮಕ್ಕಳು ಕುಣಿದ ಪದ್ಯಗಳಲ್ಲಿ ಕನ್ನಡದ್ದು ಎಷ್ಟು ಇತ್ತು ದಯಾನಂದ?"

"ಅದು ಮಕ್ಕಳು ಅಲ್ವಾ, ಬಿಡಿ," ಎಂದ. ಆಮೇಲೆ, "ಆಯ್ತು, ನಿಮಗೆ ಹದಿನೈದು ನಿಮಿಷ. ಪ್ರಾಮಿಸ್," ಎಂದ.

ಇದು ಕುವೈತಿನಲ್ಲಿ ನನ್ನ ಕೊನೆಯ ರಾಜ್ಯೋತ್ಸವ. ಮಂಗಳೂರಿಗೆ ಹೋದ ಮೇಲೆ ನಾನು ಅಲ್ಲಿನ ಅಸಂಖ್ಯ ಮುದುಕರಲ್ಲಿ ಒಬ್ಬ. ಅಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಇಗಾರ್ಕಾ ಎಂದರೆ ಜನ ಸೀಟು ಬಿಟ್ಟುಕೊಟ್ಟು ದೂರ ಹೋದಾರು. ಹೇಳುವುದಿದ್ದರೆ ಈಗಲೇ ಹೇಳಬೇಕು.

ಶುಕ್ರವಾರ ಸಂಜೆ ಸಾಲ್ಮಿಯಾದ ಶಾಲೆಯೊಂದರ ಸಭಾಂಗಣದಲ್ಲಿ ಕಾರ್ಯಕ್ರಮ. ಹಲಗೆಯ ತುಂಡನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಹೋದೆ. ಕುಣಿತಗಳಾದವು. ಕುಣಿತದವರ ತಾಯಂದಿರು ಫೋಟೋ ಸರಿಯಾಗಿ ಬಂದಿಲ್ಲವೆಂದು ಇನ್ನೊಮ್ಮೆ ಕುಣಿಸಿದರು. ಅದೃಷ್ಟ ಚೀಟಿ ಎತ್ತಿದರು, ಗೆದ್ದವರು ಸಿಗದೆ ಮತ್ತೆ ಎತ್ತಿದರು. ನಾನು ಮೂರು ಸಲ ಎದ್ದು ಹೊರಗೆ ಹೋಗಿ ಬಂದೆ. "ಕಾಲಿಗೆ ಎಂತ ಇರುವೆ ಕಚ್ಚಿದೆಯಾ? ಕೂತ್ಕೊಳ್ಳಿ," ಎಂದು ಸುಲೋಚನಾ ನನ್ನ ತೋಳು ಹಿಡಿದೆಳೆದಳು. ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಬಿರಿಯಾನಿಯ ವಾಸನೆ ಒಳಗೆ ಬಂತು. ಸಭೆಯ ಕುತ್ತಿಗೆಗಳೆಲ್ಲ ಒಟ್ಟಿಗೆ ಆ ಕಡೆ ತಿರುಗಿದವು. ಅದೇ ಕ್ಷಣದಲ್ಲಿ ನನ್ನ ಹೆಸರು ಕರೆದರು.

ವೇದಿಕೆಯ ಮೇಲೆ ತಟ್ಟೆಯಲ್ಲಿ ಶಾಲು, ಪೇಟ ಸಿದ್ಧವಾಗಿದ್ದವು.

"ಭುಜಂಗಣ್ಣನ ಬಗ್ಗೆ ಹೇಳ್ಲಿಕ್ಕೆ ಹೊರಟ್ರೆ ಸಮಯ ಸಾಕಾಗ್ಲಿಕ್ಕಿಲ್ಲ," ಎಂದ ದಯಾನಂದ. ಹಾಗಾಗಿ ಏನನ್ನೂ ಹೇಳಲಿಲ್ಲ. ಹೊದೆಸಿದರು, ತೊಡಿಸಿದರು, ಫೋಟೋ ಹೊಡೆದರು. ನಾನು ಮೈಕಿನ ಕುತ್ತಿಗೆ ಹಿಡಿದೆ. "ರಷ್ಯಾದ ಉತ್ತರದಲ್ಲಿ ಇಗಾರ್ಕಾ ಎಂಬ ಊರಿದೆ," ಎಂದೆ. "ಆ ಊರಿನ ನೆಲದಡಿಯಲ್ಲಿ..."

"ಊಟ ರೆಡಿ ಉಂಟು!" ಎಂದು ದಯಾನಂದ ಇನ್ನೊಂದು ಮೈಕಿನಲ್ಲಿ ಕೂಗಿದ. "ಎಲ್ಲರೂ ಕೂಪನ್ ಕೈಯಲ್ಲಿ ಹಿಡ್ಕೊಳ್ಳಿ, ಲೈನಲ್ಲಿ ಬನ್ನಿ, ಯಲ್ಲಾ!"

ಅಪ್ಪನ ಬ್ಲೇಡು ಹೋದ ಜಾಗದಲ್ಲಿಯೇ ಇವನ ಬ್ಲೇಡೂ ಹೋಯಿತು. ಇಂಚಿನಷ್ಟೂ ಆಚೀಚೆಯಿಲ್ಲ.

ಕೋಪದಲ್ಲಿ ನನಗೆ ಪೇಟ ತೆಗೆಯುವುದೂ ನೆನಪಾಗಲಿಲ್ಲ. ಸುಲೋಚನಾಳನ್ನು ಕರೆದುಕೊಂಡು ಮನೆಗೆ ಹೊರಟುಬಿಡುವುದು ಎಂದು ಚೀಲದಿಂದ ಹಲಗೆಯನ್ನು ತೆಗೆದು ಕಂಕುಳಲ್ಲಿಟ್ಟುಕೊಂಡು ಊಟದ ಕೋಣೆಗೆ ನಡೆದೆ. ಅವಳು ಆಗಲೇ ಒಳಗೆ ತಟ್ಟೆ ಹಿಡಿದಿದ್ದಳು, ಕರೆದರೆ ಕೇಳದಷ್ಟು ದೂರದಲ್ಲಿ. ನಾನು ಬಾಗಿಲ ಬಳಿ ನಿಂತೆ. ಕೂಪನ್ ಇಸಿದುಕೊಳ್ಳಬೇಕಾದ ಸ್ವಯಂಸೇವಕ ಎಲ್ಲಿಗೆ ಹೋಗಿದ್ದನೋ. ಸಾಲಿನ ಮುಂದಿದ್ದವಳು ಜೆಸಿಂತಾ ಎಂಬ ನರ್ಸು, ಕೊಂಕಣಿ ಕುಟುಂಬದವಳು. ಅವಳು ನನ್ನ ಪೇಟವನ್ನು ನೋಡಿದಳು, ಶಾಲನ್ನು ನೋಡಿದಳು, ಕಂಕುಳ ಹಲಗೆಯನ್ನು ನೋಡಿದಳು, ಕೈ ಮುಂದೆ ಚಾಚಿದಳು.

"ಅಂಕಲ್, ಕೂಪನ್ ನಿಮ್ಮ ಹತ್ರ ಕೊಡುದಲ್ವಾ?"

ಅಲ್ಲ ಎನ್ನಲು ಬಾಯಿ ತೆರೆದೆ. ಆಗ ಅವಳ ಹಿಂದಿನ ಸಾಲು ಕಾಣಿಸಿತು. ಅದು ಕಾರಿಡಾರನ್ನು ದಾಟಿ, ಸಭಾಂಗಣವನ್ನು ಬಳಸಿ, ವೇದಿಕೆಯವರೆಗೂ ಹೋಗಿತ್ತು. ಒಬ್ಬರೂ ಸಾಲು ಬಿಟ್ಟು ಹೋಗುವವರಲ್ಲ. ಒಬ್ಬರೂ ನನ್ನನ್ನು ದಾಟದೆ ಒಳಗೆ ಹೋಗುವಂತಿರಲಿಲ್ಲ.

"ಹೌದು," ಎಂದೆ. "ನನ್ನ ಹತ್ರವೇ."

"ಸ್ಟೇಜಲ್ಲಿ ಇಗಾರ್ಕಾ ಅಂದ್ರಲ್ಲ, ಅದು ಎಲ್ಲಿ?"

ಅವಳ ಕೂಪನನ್ನು ಹಿಡಿದುಕೊಂಡೆ, ಆದರೆ ದಾರಿ ಬಿಡಲಿಲ್ಲ. ಹೇಳತೊಡಗಿದೆ. ಯೆನಿಸೈ ಎಂಬ ಮಹಾನದಿಯ ದಡದಲ್ಲಿ, ಚಳಿಗಾಲದಲ್ಲಿ ಸೂರ್ಯನೇ ಏಳದ ಸೀಮೆಯಲ್ಲಿ, ಎಗೋರ್ ಎಂಬ ಬೆಸ್ತನ ಒಂದು ಗುಡಿಸಲು ಇತ್ತಂತೆ. ಅವನ ಹೆಸರೇ ತಿರುಗಿ ಊರಿನ ಹೆಸರಾಯಿತೆಂದು ಹೇಳುತ್ತಾರೆ. ಎದುರಿಗೊಂದು ದ್ವೀಪ, ದ್ವೀಪದ ಮರೆಯಲ್ಲಿ ಸಮುದ್ರದ ಹಡಗೂ ಬಂದು ನಿಲ್ಲುವಷ್ಟು ಆಳವಾದ ನೀರು. ಅಲ್ಲಿ ಮರದ ಬಂದರು ಕಟ್ಟಬೇಕೆಂದು ಸೋವಿಯತ್ ಸರ್ಕಾರ ನಿಶ್ಚಯಿಸಿತು.

"ಅಂಕಲ್, ಹಿಂದಿನವರು ದೂಡ್ತಾ ಇದ್ದಾರೆ," ಎಂದು ಜೆಸಿಂತಾ ಒಳಗೆ ಹೋದಳು. ಹೋಗುವಾಗ ಎರಡು ಸಲ ತಿರುಗಿ ನೋಡಿದಳು.

ಮುಂದಿನವನು ಇಕ್ಬಾಲ್, ಉಳ್ಳಾಲದವನು, ಟ್ರೇಲರ್ ಓಡಿಸುವವನು. ಅವನಿಗೆ ಬಂದರು ಕಟ್ಟಿದವರ ಕತೆ ಬಂತು. ಭೂಮಿ, ದನಕರು ಕಿತ್ತುಕೊಂಡು ಗಡೀಪಾರು ಮಾಡಿದ ರೈತ ಸಂಸಾರಗಳನ್ನು ದೋಣಿಗಳಲ್ಲಿ ತುಂಬಿ ತಂದು ದಡಕ್ಕಿಳಿಸಿದರು. ಮೊದಲ ಚಳಿಗಾಲವನ್ನು ಅವರು ನೆಲ ತೋಡಿದ ಗುಂಡಿಗಳಲ್ಲಿ ಕಳೆದರು. ಬಹಳ ಮಂದಿ ವಸಂತವನ್ನು ನೋಡಲಿಲ್ಲ.

"ಅವರ ಕಫೀಲ್ ಯಾರು ಭುಜಂಗಣ್ಣ?" ಎಂದ. ಇಲ್ಲಿ ನಮ್ಮ ವೀಸಾ, ರಜೆ ಎಲ್ಲವೂ ಕಫೀಲ್ ಎಂಬ ಧಣಿಯ ಕೈಯಲ್ಲಿ.

"ಸರ್ಕಾರವೇ."

"ಹಾಗಾದ್ರೆ ರಜೆ ಸಿಕ್ಕಿರ್ಲಿಕ್ಕಿಲ್ಲ," ಎಂದ ಇಕ್ಬಾಲ್. ತನ್ನ ಕೂಪನನ್ನು ನನ್ನ ಕೈಯಲ್ಲಿ ಮೆಲ್ಲಗೆ ಇಟ್ಟ.

ಸಾಲು ಸರಿಯಿತು, ಕತೆಯೂ ಸರಿಯಿತು. ಒಬ್ಬರಿಗೆ ಹಲಗೆ ಹಾಸಿದ ಬೀದಿಗಳು, ಗರಗಸದ ಹೊಟ್ಟಿನಿಂದ ತುಂಬಿಸಿದ ತಗ್ಗುಗಳು, ಬೇಸಗೆಯ ಮುಳುಗದ ಬಿಸಿಲಿನಲ್ಲಿ ದೂರದೇಶದ ಹಡಗುಗಳು. ಇನ್ನೊಬ್ಬರಿಗೆ ಎಲ್ಲವೂ ಮರವಾಗಿದ್ದ ಊರಿಗೆ ಬಿದ್ದ ಬೆಂಕಿ. ಸಾಲ್ಮಿಯಾದ ಒಂದು ಕುಟುಂಬಕ್ಕೆ, ಪಶ್ಚಿಮದಿಂದ ಆ ಊರಿನ ಕಡೆಗೆ ಕೈದಿಗಳಿಂದ ಹಾಕಿಸಿದ ರೈಲು ಹಳಿ. ಅದು ಊರು ಮುಟ್ಟುವ ಮೊದಲೇ ಕೆಲಸ ನಿಂತು, ಎಂಜಿನುಗಳು ಕಾಡಿನಲ್ಲಿ ತುಕ್ಕು ಹಿಡಿದು ನಿಂತವು. "ಹಾಗಾದ್ರೆ ರೈಲು ಬರ್ಲೇ ಇಲ್ವಾ?" ಎಂದು ಆ ಮನೆಯಾಕೆ ಕೇಳುವಾಗ ಗಂಡ ಅವಳನ್ನು ಪಲ್ಯದ ಕಡೆಗೆ ಎಳೆದುಕೊಂಡು ಹೋದ. ಅವರ ಹಿಂದಿದ್ದವರಿಗೆ ನೆಲದಡಿಯ ವಿಷಯ ಸಿಕ್ಕಿತು. ಆ ಊರಿನ ಮಣ್ಣಿನ ಕೆಳಗೆ ಎಂದೂ ಕರಗದ ಮಂಜು. ಒಲೆ ಉರಿಸಿ ಮನೆ ಬೆಚ್ಚಗಾದರೆ ಕೆಳಗಿನ ನೆಲ ಕರಗಿ ಮನೆಯೇ ವಾಲುತ್ತದೆ. ಇದನ್ನು ಅಭ್ಯಾಸ ಮಾಡಲು ವಿಜ್ಞಾನಿಗಳು ಮಂಜಿನೊಳಗೆ ಕೋಣೆಗಳನ್ನು ಕೊರೆದರು. ಯುದ್ಧದ ಕಾಲದ ದಿನಪತ್ರಿಕೆಗಳನ್ನು, ಮುಂದೆ ಹುಟ್ಟುವವರು ತೆಗೆದು ಓದಲೆಂದು, ಅಲ್ಲಿಯೇ ಹೂತಿಟ್ಟರು. ಸಾಲಿನ ಕೊನೆಯಲ್ಲಿದ್ದವರಿಗೆ ಕೊನೆ ಸಿಕ್ಕಿತು. ಮರ ಕೇಳುವವರಿಲ್ಲವಾಯಿತು, ಹಡಗು ಬರುವುದು ನಿಂತಿತು, ಹಳೆಯ ಊರು ಪಾಳುಬಿತ್ತು, ಕೆಲಸಕ್ಕೆ ಬಂದವರು ಪೆಟ್ಟಿಗೆ ಕಟ್ಟಿ ಹೊರಟುಹೋದರು. ಸ್ವಲ್ಪ ಮಂದಿ ಇನ್ನೂ ಇದ್ದಾರೆ.

ಹೀಗೆ ಇಡೀ ಊರನ್ನು ಹೇಳಿ ಮುಗಿಸಿದೆ, ಆದರೆ ಒಬ್ಬರೂ ಇಡಿಯಾಗಿ ಕೇಳಲಿಲ್ಲ. ಬಾಗಿಲಲ್ಲಿ ಕೈತುಂಬ ಕೂಪನ್ ಹಿಡಿದು ನಿಂತಾಗ ಅದು ಹೊಳೆದು ನನಗೆ ನನ್ನ ಮೇಲೆಯೇ ಕೋಪ ಬಂತು. ಅಪ್ಪ ಒಂದೇ ಸಲ ಕತ್ತರಿಸಿದ್ದರು. ನಾನು ಪ್ರತಿಯೊಬ್ಬರಿಗೂ ಒಂದೊಂದು ತುಂಡು ಮಾಡಿ ಹಂಚಿದ್ದೆ.

ಅಷ್ಟರಲ್ಲಿ ಒಳಗಿನ ಮೇಜುಗಳಿಂದ ಜಗಳದಂತಹ ಸದ್ದು ಕೇಳಿಸಿತು.

"ಮುಳುಗಿದ್ದಲ್ಲ ಮಾರಾಯ್ರೆ, ಸುಟ್ಟುಹೋದದ್ದು! ನನಗೆ ಅವರೇ ಹೇಳಿದ್ದು."

"ನೀವು ಲೈನಲ್ಲಿ ಮುಂದೆ ಇದ್ರಿ, ನಿಮಗೆ ಗೊತ್ತಿಲ್ಲ. ಮನೆಗಳೆಲ್ಲ ವಾಲಿದ್ದು."

"ರೈಲಿನದ್ದು ಎಂತಾಯ್ತು, ಅದನ್ನು ಯಾರು ಕೇಳಿದ್ದು?"

ಜೆಸಿಂತಾ ಮೊಸರಿನ ಬಟ್ಟಲು ಹಿಡಿದು, ಗುಂಡಿಯಲ್ಲಿ ಕುಳಿತವರು ಬದುಕಿದರೋ ಇಲ್ಲವೋ ಎಂದು ಇಕ್ಬಾಲನ ಮೇಜಿಗೆ ಹೋಗಿ ವಿಚಾರಿಸುತ್ತಿದ್ದಳು. ಇವರೆಲ್ಲರ ನಡುವೆ ಒಂದು ಪರಿಚಿತ ಸ್ವರ, ಬೇಸರದಿಂದ, ಆದರೆ ಸ್ಪಷ್ಟವಾಗಿ ಹೇಳಿತು: "ಮೊದಲು ಸುಟ್ಟದ್ದು, ಮತ್ತೆ ಕಟ್ಟಿದ್ದು, ಖಾಲಿಯಾದದ್ದು ಕೊನೆಗೆ. ವಾಲುದು ಯಾವಾಗಲೂ ಇದ್ದದ್ದೇ. ಉಪ್ಪಿನಕಾಯಿ ಈಚೆ ಕೊಡಿ." ಅದು ಸುಲೋಚನಾ. ಇಷ್ಟು ವರ್ಷ ಅವಳು ಕೇಳಿಸಿಕೊಂಡೇ ಇಲ್ಲವೆಂದು ನಾನು ತಿಳಿದಿದ್ದೆ.

ಊಟ ಮುಗಿದು ಜನ ಕಾರುಗಳ ಕಡೆಗೆ ಹೋದರು. ಕೆಲಸದವರು ಕುರ್ಚಿಗಳನ್ನು ಮಡಿಸತೊಡಗಿದ್ದರು. ನಾನು ಹಲಗೆಯನ್ನು ಚೀಲಕ್ಕೆ ಹಾಕುತ್ತಿದ್ದಾಗ ದಯಾನಂದ ಖಾಲಿ ತಟ್ಟೆ ಹಿಡಿದುಕೊಂಡು ಬಂದ. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಬಡಿಸುವವರು ಕೊನೆಗೆ ಉಣ್ಣುವುದು ನಮ್ಮಲ್ಲಿನ ಪದ್ಧತಿ, ಮತ್ತು ಕೊನೆಗೆ ಏನೂ ಉಳಿಯದಿರುವುದೂ.

"ಕೂಪನ್?" ಎಂದೆ.

"ನಮಗೆಲ್ಲಿಯ ಕೂಪನ್ ಅಣ್ಣ," ಎಂದು ನಗಲು ನೋಡಿದ. ನಾನು ನಗಲಿಲ್ಲ. ಅವನು ತಟ್ಟೆಯನ್ನು ಆ ಕೈಯಿಂದ ಈ ಕೈಗೆ ಬದಲಿಸಿದ. "ಒಂದು ಕೇಳುದಿತ್ತು. ನೀವು ಮೈಕಲ್ಲಿ ಹೇಳಿದ್ರಲ್ಲ, ನೆಲದಡಿಯಲ್ಲಿ ಅಂತ. ಬಡಿಸುವಾಗಲೂ ಅದೇ ತಲೆಯಲ್ಲಿ ತಿರುಗ್ತಾ ಇತ್ತು. ಒಬ್ರು ಮಂಜು ಅಂತಾರೆ, ಒಬ್ರು ಪೇಪರ್ ಅಂತಾರೆ. ಸರೀ ಎಂತ ಉಂಟು ಅಣ್ಣ ಅಲ್ಲಿ?"

ಅವನ ಮುಖವನ್ನು ನೋಡಿದೆ. ಆ ಮುಖ ನನಗೆ ಗೊತ್ತಿತ್ತು. ಲೆಕ್ಕದ ಪುಸ್ತಕ ಹಿಡಿದು ಅಕ್ಕನ ಹಿಂದೆ ಹಿಂದೆ ನಡೆದ ಮುಖ ಅದು. ನಿಂಬೆ ಚಮಚದ ಸೀಟಿ ಊದಿದವನು ಇವನು. ಹದಿನೈದು ನಿಮಿಷದ ಪ್ರಾಮಿಸ್ ಮಾಡಿದವನು ಇವನು. "ಎರೆಹುಳ ಇರ್ತದೆ, ಕೂತ್ಕೋ," ಎಂದು ಹೇಳಿ ಸುಲೋಚನಾಳ ಜೊತೆ ಮನೆಗೆ ಹೋಗಬಹುದಿತ್ತು. ಆ ವಾಕ್ಯ ಇಷ್ಟು ವರ್ಷ ನನ್ನ ನಾಲಿಗೆಯ ಮೇಲೆ ಇಂತಹ ಒಂದು ಅವಕಾಶಕ್ಕಾಗಿಯೇ ಕಾದಿತ್ತು.

"ಅದು ಕೊನೆಗೆ ಬರ್ತದೆ," ಎಂದೆ. "ಮಡಿಸದ ಕುರ್ಚಿ ಒಂದು ತೆಗೆದುಕೊಳ್ಳಿ."

ಅವನು ಗಡಿಯಾರ ನೋಡಿದ, ಬಾಗಿಲಲ್ಲಿ ಬೀಗ ಹಿಡಿದು ನಿಂತವನನ್ನು ನೋಡಿದ, ಕುರ್ಚಿ ಎಳೆದು ಕುಳಿತ. ಎ.ಸಿ. ನೇರವಾಗಿ ಅವನ ಬೆವರಿದ ಬೆನ್ನಿಗೆ ಬೀಸುತ್ತಿತ್ತು. ನಾನು ನನ್ನ ಹೆಗಲಿನಿಂದ ಶಾಲು ತೆಗೆದು, ಎರಡೂ ಕೈಯಿಂದ ಬಿಡಿಸಿ, ಕ್ರಮವಾಗಿ ಅವನಿಗೆ ಹೊದೆಸಿದೆ. ಅವನು ಏನೋ ಹೇಳಲು ಬಾಯಿ ತೆರೆದ.

"ದಯಾನಂದ," ಎಂದೆ, "ನಮ್ಮ ಸಂಘದಲ್ಲಿ ಶಾಲು ಹೊದ್ದವರು ಮಾತಾಡ್ಲಿಕ್ಕಿಲ್ಲ."

ಆಮೇಲೆ ಎಗೋರನ ಗುಡಿಸಲಿನಿಂದ ಪ್ರಾರಂಭಿಸಿದೆ.